ಗಿರಕಿಗೆ ಸಿಕ್ಕ ವಿಮಾನ

1912ರ ಆಗಸ್ಟ್ 25ರ ಬೆಳಗು. ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನ ಲಾರ್ಕ್‌ಹಿಲ್ ಎಂಬಲ್ಲಿ ಸೈನ್ಯಕ್ಕೆ ತಕ್ಕ ವಿಮಾನವನ್ನು ಆರಿಸುವುದಕ್ಕಾಗಿ ಸ್ಪರ್ಧೆ ನಡೆದಿತ್ತು. ನೌಕಾದಳದ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್ ಎಂಬ ತರುಣನು ಆವ್ರೋ ಕಂಪೆನಿಯ ಜೋಡಿ ರೆಕ್ಕೆಯ ವಿಮಾನವೊಂದರಲ್ಲಿ, ಲೆ ಬ್ರೆಟನ್ ಎಂಬ ಜೊತೆಗಾರನೊಡನೆ, ಮೂರು ಗಂಟೆಗಳ ಹಾರಾಟದ ಪರೀಕ್ಷೆಯನ್ನು ಮುಗಿಸಿದ್ದನು. ಇನ್ನು ಇಳಿಯುವುದಷ್ಟೇ ಉಳಿದಿತ್ತು. ನೆಲದಿಂದ ಆರೇಳು ನೂರು ಅಡಿ ಮೇಲಿದ್ದಾಗ ಆತನು ಎಡಕ್ಕೆ ಸುರುಳಿ ಸುತ್ತುತ್ತ ಇಳಿಯತೊಡಗಿದನು. ಸುರುಳಿಯು ತೀರ ಕಡಿದಾಯಿತೆನ್ನಿಸಿ, ಮೂತಿಯನ್ನು ತುಸು ಎತ್ತೋಣವೆಂದು ಹಿಡಿಯನ್ನು ಹಿಂದಕ್ಕೆಳೆದನು. ಅಷ್ಟರಲ್ಲಿ ವಿಮಾನವು ಅವನ ಮಾತನ್ನು ಕೇಳುವುದನ್ನು ನಿಲ್ಲಿಸಿ, ಬುಗುರಿಯಂತೆ ಗಿರ್ರನೆ ತಿರುಗುತ್ತ ನೆಲದತ್ತ ಧಾವಿಸಿತು.

ಅಂದಿನ ವೈಮಾನಿಕರಿಗೆ ಇದು ಅಪರಿಚಿತವಾದ ಮೃತ್ಯುವೇನೂ ಅಲ್ಲ. ಹೀಗೆ ಗಿರಕಿಗೆ ಸಿಕ್ಕವರು ಬದುಕಿ ಬಂದು ಅದರ ಸ್ವರೂಪವನ್ನು ವಿವರಿಸಿದ್ದು ಮಾತ್ರ ಇಲ್ಲವೆಂಬಷ್ಟು ಅಪರೂಪ. ಪಾರ್ಕ್ ತನಗೆ ತೋಚಿದ್ದನ್ನೆಲ್ಲ ಮಾಡಿದನು. ಎಂಜಿನ್ನಿಗೆ ಪೂರ್ಣ ವೇಗ ಕೊಟ್ಟನು. ಹಿಡಿಯನ್ನು ಇನ್ನೂ ಹಿಂದಕ್ಕೆಳೆದನು. ಚುಕ್ಕಾಣಿಯನ್ನು ವಿಮಾನ ತಿರುಗುತ್ತಿದ್ದ ಕಡೆಗೇ ತುಳಿದನು. ಯಾವುದರಿಂದಲೂ ಫಲವಾಗಲಿಲ್ಲ. ತಿರುಗುವಿಕೆಯ ರಭಸಕ್ಕೆ ದೇಹವು ಹೊರಕ್ಕೆ ಎಸೆದಂತಾಗಲು, ಬಲಗೈಯಿಂದ ಕಂಬವೊಂದನ್ನು ಹಿಡಿದುಕೊಂಡನು. ಆ ಸೆಳೆತವನ್ನು ಅನುಭವಿಸುತ್ತಿರುವಂತೆಯೇ ಆತನಿಗೊಂದು ಯೋಚನೆ ಹೊಳೆಯಿತು. ಚುಕ್ಕಾಣಿಯನ್ನು ತದ್ವಿರುದ್ಧ ದಿಕ್ಕಿಗೆ ಒತ್ತಿಬಿಟ್ಟನು. ವಿಮಾನವು ತಟಕ್ಕನೆ ತಿರುಗುವುದನ್ನು ನಿಲ್ಲಿಸಿ ಸಮತೋಲಕ್ಕೆ ಬಂದಿತು. ಆಗ ನೆಲವು ಸುಮಾರು ಐವತ್ತು ಅಡಿ ಕೆಳಗಿತ್ತು! ಇಬ್ಬರೂ ಸತ್ತರೆಂದೇ ಬಗೆದು ನಿಂತಿದ್ದವರ ಕಣ್ಣೆದುರಿಗೆ ಆತನು ಸುರಕ್ಷಿತವಾಗಿ ಇಳಿದನು.

ಆದರೆ ಆತನ ಆಯುಸ್ಸು ಮುಂದೆ ಹೆಚ್ಚು ಕಾಲ ಉಳಿಯಲಿಲ್ಲ. ಅದೇ ವರ್ಷದ ಡಿಸೆಂಬರ್ 15ರಂದು ವೆಂಬ್ಲಿಯ ಬಳಿ ಬೇರೊಂದು ವಿಮಾನವು ಉರುಳಿಬಿದ್ದು ಆತನೂ ಆತನ ಸಂಗಡಿಗನೂ ಮಡಿದರು.

ಗಿರಕಿಯೆಂದರೆ ವಿಮಾನವು ಸುಮ್ಮನೆ ಮೂತಿ ಕೆಳಗಾಗಿ ಬೀಳುವುದಲ್ಲ. ರೆಕ್ಕೆಯ ಮೇಲ್ಮೈಯನ್ನು ಅಂಟಿಕೊಂಡು ಗಾಳಿ ಹರಿಯುತ್ತಿರುವವರೆಗೆ ರೆಕ್ಕೆಗೆ ಎತ್ತುವ ಶಕ್ತಿಯುಂಟು. ಎದುರುಗಾಳಿಗೂ ರೆಕ್ಕೆಗೂ ನಡುವಣ ಕೋನವು ಒಂದು ಮಿತಿಯನ್ನು, ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸನ್ನು, ಮೀರಿತೆಂದರೆ ಆ ಪ್ರವಾಹವು ರೆಕ್ಕೆಯಿಂದ ಕಳಚಿಕೊಳ್ಳುತ್ತದೆ. ಎತ್ತುವ ಶಕ್ತಿ ಕುಸಿಯುತ್ತದೆ. ಇದೇ ಸ್ಟಾಲ್. ಆ ಗಳಿಗೆಯಲ್ಲಿ ವಿಮಾನವು ಓರೆಯಾಗಿ ತಿರುಗುತ್ತಿದ್ದರೆ ಎರಡು ರೆಕ್ಕೆಗಳೂ ಸಮನಾಗಿ ಸೋಲುವುದಿಲ್ಲ. ಒಂದು ಮೊದಲು ಕುಸಿಯುತ್ತದೆ. ಕುಸಿಯುವ ರೆಕ್ಕೆಗೆ ಗಾಳಿಯು ಇನ್ನೂ ಕೆಳಗಿನಿಂದ ತಾಗುವುದರಿಂದ ಅದರ ಸೋಲು ಇನ್ನಷ್ಟು ಹೆಚ್ಚುತ್ತದೆ. ಏರುವ ರೆಕ್ಕೆಗೆ ಅಷ್ಟಿಷ್ಟು ಬಲ ಉಳಿದಿರುತ್ತದೆ. ಈ ತಾರತಮ್ಯವೇ ಗಿರಕಿಯನ್ನು ನಡೆಸುವ ಯಂತ್ರ. ಒಮ್ಮೆ ಆರಂಭವಾದರೆ ಅದು ತನ್ನನ್ನು ತಾನೇ ಪೋಷಿಸಿಕೊಳ್ಳುತ್ತದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫಾರ್ನ್‌ಬರೋದ ವಿಮಾನ ಕಾರ್ಖಾನೆಯಲ್ಲಿದ್ದ ಫ್ರೆಡರಿಕ್ ಲಿಂಡೆಮನ್ ಎಂಬ ಭೌತವಿಜ್ಞಾನಿಯು ಇದನ್ನು ಲೆಕ್ಕಕ್ಕೆ ತರಲು ತಾನೇ ಹಾರುವುದನ್ನು ಕಲಿತನು. ಮುಂದೆ ಚರ್ಚಿಲ್ಲರ ವೈಜ್ಞಾನಿಕ ಸಲಹೆಗಾರನಾದವನು ಈತನೇ. 1917ರಲ್ಲಿ ಬೇಕೆಂದೇ ವಿಮಾನವನ್ನು ಗಿರಕಿಗೆ ದೂಡಿ, ತಿರುಗುತ್ತಿರುವಾಗಲೇ ಮಾಪಕಗಳನ್ನು ಓದಿದನು. ಗಿರಕಿಯಿಂದ ಹೊರಬಂದ ಮೊದಲಿಗನೇ ಈತನೆಂಬ ಕಥೆಯೊಂದು ಹಬ್ಬಿತು, ಅದು ನಿಜವಲ್ಲ. ಪಾರ್ಕ್‌ನಲ್ಲದೆ ಬೇರೆ ಕೆಲವರೂ ಅಷ್ಟರೊಳಗೆ ಹೊರಬಂದಿದ್ದರು. ಆದರೂ ಆತನ ಕೆಲಸದ ಬೆಲೆ ಕಡಿಮೆಯಲ್ಲ. ಗಿರಕಿಯಲ್ಲಿ ವಿಮಾನದ ವೇಗವು ಏರುತ್ತ ಹೋಗುವುದಿಲ್ಲ, ಕೆಳಮಟ್ಟದಲ್ಲಿಯೇ ನಿಂತಿರುತ್ತದೆ ಎಂಬುದನ್ನು ಆ ಅಂಕಿಗಳು ತೋರಿಸಿದವು. ಇತ್ತ ಗಾಸ್ಪೋರ್ಟಿನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿಯು ಅದೇ 1917ರಲ್ಲಿ ಹೊಸ ಶಿಕ್ಷಣಕ್ರಮವನ್ನು ಆರಂಭಿಸಿದನು. ಅಪಾಯವನ್ನು ವಿದ್ಯಾರ್ಥಿಯಿಂದ ಮರೆಮಾಡುವ ಬದಲು, ಗುರುವಿನ ಜೊತೆಯಲ್ಲಿ ಅದರೊಳಕ್ಕೆ ಹೊಕ್ಕು ಹೊರಬರುವುದನ್ನು ಕಲಿಸಬೇಕೆಂಬುದು ಅವನ ಮತ.

ಹೊರಬರುವ ವಿಧಾನವು ಕೇಳುವುದಕ್ಕೆ ಸುಲಭ. ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತಗ್ಗಿಸಬೇಕು. ರೆಕ್ಕೆಯ ತುದಿಯ ಐಲೆರಾನ್‌ಗಳನ್ನು ಮಧ್ಯದಲ್ಲಿರಿಸಬೇಕು. ಚುಕ್ಕಾಣಿಯನ್ನು ಗಿರಕಿಗೆ ಎದುರಾಗಿ ಪೂರ್ತಿ ತುಳಿಯಬೇಕು. ಆಮೇಲೆ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ತಿರುಗುವುದು ನಿಂತೊಡನೆ ಚುಕ್ಕಾಣಿಯನ್ನು ನೇರಮಾಡಿ ಮೆಲ್ಲನೆ ಮೇಲೆತ್ತಬೇಕು. ಕಷ್ಟವಿರುವುದು ಮನಸ್ಸಿನಲ್ಲಿ. ಗಾಜಿನ ತುಂಬ ನೆಲವೇ ತುಂಬಿಕೊಂಡು ಸುತ್ತುತ್ತಿರುವಾಗ ಹಿಡಿಯನ್ನು ಮುಂದಕ್ಕೆ, ಎಂದರೆ ಆ ನೆಲದ ಕಡೆಗೆ, ತಳ್ಳಲು ಯಾವನ ಕೈ ತಾನೆ ಬಂದೀತು? ಹೆದರಿದ ಕೈ ತನಗೆ ತಾನೇ ಹಿಂದಕ್ಕೆಳೆಯುತ್ತದೆ. ಅಭ್ಯಾಸದ ಹಾರಾಟದಲ್ಲಿಯೂ, ವಿದ್ಯಾರ್ಥಿಯು ಗಾಬರಿಯಿಂದ ಮರಗಟ್ಟಿ ಹಿಡಿಯನ್ನು ಬಿಡದೆ ಹೋದರೆ, ಪಕ್ಕದಲ್ಲಿರುವ ಶಿಕ್ಷಕನ ಪಾಡು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ. ಆದುದರಿಂದಲೇ ವಿಮಾನವು ಯಾವಾಗ ಯಾರ ಕೈಯಲ್ಲಿದೆಯೆಂಬುದನ್ನು ಇಬ್ಬರೂ ನೆಲದ ಮೇಲಿರುವಾಗಲೇ ನಿರ್ಧರಿಸಿಕೊಂಡಿರಬೇಕು.

ಈ ಶಿಕ್ಷಣವು ಎಲ್ಲರಿಗೂ ಕಡ್ಡಾಯವಾಗಿರಬೇಕೆ? ಈ ಪ್ರಶ್ನೆಗೆ ಅಮೆರಿಕದ ಸರಕಾರವು 1949ರಲ್ಲಿ ಇಲ್ಲವೆಂದಿತು. ಖಾಸಗಿ ಚಾಲಕರ ಪರೀಕ್ಷೆಯಿಂದ ಗಿರಕಿಯನ್ನು ಕೈಬಿಟ್ಟು, ಶಿಕ್ಷಕರಾಗಲಿರುವವರಿಗೆ ಮಾತ್ರ ಅದನ್ನು ಉಳಿಸಿಕೊಂಡಿತು. ಪರೀಕ್ಷೆಗಾಗಿ ಸುಲಭವಾಗಿ ಗಿರಕಿ ಹೊಡೆಯುವ ವಿಮಾನಗಳನ್ನು ಕಟ್ಟುವ ಬದಲು, ಗಿರಕಿಗೆ ಬೀಳದ ವಿಮಾನಗಳನ್ನು ಕಟ್ಟಲಿ. ಚಾಲಕನು ಸ್ಟಾಲ್‌ನ ಮುನ್ಸೂಚನೆಯನ್ನು ಗುರುತಿಸಿ ಅಲ್ಲಿಯೇ ತಡೆಯಲಿ ಎಂಬುದು ಅದರ ವಾದ. ವಿರೋಧಿಗಳು ಇಂದಿಗೂ ಒಪ್ಪಿಲ್ಲ. ಕಂಡರಿಯದ ಶತ್ರುವನ್ನು ಗುರುತಿಸುವುದೆಂತು ಎಂದು ಅವರು ಕೇಳುತ್ತಾರೆ.

ವಾದವು ಎತ್ತಲೇ ಇರಲಿ, ಎತ್ತರದ ಲೆಕ್ಕವು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಸೆಸ್ನಾದಂಥ ಚಿಕ್ಕ ವಿಮಾನವು ಒಂದು ಸುತ್ತು ಗಿರಕಿ ಹೊಡೆದು ಹೊರಬರುವಷ್ಟರಲ್ಲಿ ಸುಮಾರು 1,000 ಅಡಿ ಕಳೆದುಕೊಳ್ಳುತ್ತದೆ. ಆರು ಸುತ್ತಾದರೆ ಅದರ ಇಮ್ಮಡಿಗಿಂತಲೂ ಹೆಚ್ಚು. ಆದರೆ ಅರಿಯದೆ ಆಗುವ ಗಿರಕಿಗಳು ಬಹುಮಟ್ಟಿಗೆ ನಿಲ್ದಾಣದ ಸಮೀಪದಲ್ಲಿಯೇ ಆಗುತ್ತವೆ. ಇಳಿಯಲು ಬರುವ ಚಾಲಕನು ಓಡುಪಥದ ನೇರವನ್ನು ದಾಟಿಹೋದನೆನ್ನೋಣ. ಹೆಚ್ಚು ವಾಲಿಸಲು ಅಂಜಿ, ಚುಕ್ಕಾಣಿಯನ್ನೊತ್ತಿ ಮೂತಿಯನ್ನು ತಿರುಗಿಸುತ್ತಾನೆ; ಮೂತಿ ಬಾಗಿತೆಂದು ಹಿಡಿಯನ್ನು ಎಳೆಯುತ್ತಾನೆ. ಗಿರಕಿಗೆ ಬೇಕಾದುದೆಲ್ಲವನ್ನೂ ತನ್ನ ಕೈಯಾರೆ ಒದಗಿಸಿದಂತಾಯಿತು. ಕೆಳಗಿರುವುದು ಕೆಲವೇ ನೂರು ಅಡಿ. ಅಲ್ಲಿ ಯಾವ ವಿದ್ಯೆಯೂ ಸಾಲದು.

ಎತ್ತರವಿದ್ದರೂ ಸಾಲದ ಸಂದರ್ಭಗಳುಂಟು. ಹಿಂದಿನ ಆಸನದಲ್ಲಿ ಭಾರವಿಟ್ಟರೆ ಗುರುತ್ವಕೇಂದ್ರವು ಹಿಂದಕ್ಕೆ ಸರಿದು, ಗಿರಕಿಯು ಚಪ್ಪಟೆಯಾಗಿ, ಚುಕ್ಕಾಣಿಯು ನಿರುಪಯುಕ್ತವಾಗಬಹುದು. ನಾಲ್ವರು ಕೂರುವ ಸೆಸ್ನಾ 172ರಲ್ಲಿ ಹಿಂದಿನ ಆಸನವೂ ಸಾಮಾನಿನ ಸ್ಥಳವೂ ಬರಿದಾಗಿದ್ದರೆ ಮಾತ್ರ ಗಿರಕಿಯ ಅಭ್ಯಾಸಕ್ಕೆ ಅನುಮತಿ. ಇನ್ನು ಯಂತ್ರವೇ ಕೈಕೊಟ್ಟರೆ? 1998ರ ಜುಲೈಯಲ್ಲಿ ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಶಿಕ್ಷಕ ಮತ್ತು ವಿದ್ಯಾರ್ಥಿ ಗಿರಕಿಯನ್ನು ಅಭ್ಯಾಸ ಮಾಡುತ್ತಿದ್ದ ಸೆಸ್ನಾ 152 ವಿಮಾನವೊಂದು ತಿರುಗುವುದನ್ನು ನಿಲ್ಲಿಸಲೇ ಇಲ್ಲ. ಸೇಂಟ್ ಫ್ರಾನ್ಸ್ವಾ ಸರೋವರಕ್ಕೆ ಅಪ್ಪಳಿಸಿತು. ಚುಕ್ಕಾಣಿಯು ತನ್ನ ತಡೆಯನ್ನು ಮೀರಿ ಹೊರಳಿ, ಒಂದೇ ಬದಿಗೆ ಕಚ್ಚಿಕೊಂಡಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಎದುರು ಪಾದವನ್ನು ಎಷ್ಟು ಒತ್ತಿದರೇನು! ಈ ಜಾತಿಯ ವಿಮಾನಗಳಿಗೆ ಹೊಸ ತಡೆಗಳನ್ನು ಜೋಡಿಸಬೇಕು, ಇಲ್ಲವೇ ಗಿರಕಿ ನಿಷಿದ್ಧವೆಂಬ ಫಲಕವನ್ನು ಚಾಲಕನ ಕಣ್ಣೆದುರಿಗೆ ಅಂಟಿಸಬೇಕು ಎಂಬ ಅಮೆರಿಕದ ಕಡ್ಡಾಯ ಆಜ್ಞೆಯು ಹೊರಟದ್ದು 2009ರಲ್ಲಿ. ಒಂದು ಚಿಕ್ಕ ಲೋಹದ ತುಂಡಿಗಾಗಿ ಹನ್ನೊಂದು ವರ್ಷಗಳ ವಿಳಂಬ! ಅಷ್ಟು ದಿನವೂ ಆ ವಿಮಾನಗಳಲ್ಲಿ ವಿದ್ಯಾರ್ಥಿಗಳು ಕಲಿಯುತ್ತಲೇ ಇದ್ದರು.

ಸೈನ್ಯದ ಶಿಕ್ಷಣ ವಿಮಾನಗಳಿಗಂತೂ ಗಿರಕಿಯು ತಪ್ಪದು. 1951ರಲ್ಲಿ ಘಾಟಗೆಯವರ ನೇತೃತ್ವದಲ್ಲಿ ಸಿದ್ಧವಾದ ಎಚ್‌ಟಿ-2ರಿಂದ ಮೊದಲ್ಗೊಂಡು ಇಂಥ ವಿಮಾನಗಳನ್ನು ಕಟ್ಟುತ್ತ ಬಂದಿರುವ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ ಇದರ ಬಿಸಿ ಚೆನ್ನಾಗಿ ತಟ್ಟಿದೆ. 2003ರಲ್ಲಿ ಮೊದಲು ಹಾರಿದ 'ಸಿತಾರಾ' ಎಂಬ ಜೆಟ್ ವಿಮಾನವು ಉಳಿದ ಪರೀಕ್ಷೆಗಳನ್ನು ದಾಟಿದರೂ ಸ್ಟಾಲ್ ಮತ್ತು ಗಿರಕಿಗಳಲ್ಲಿ ವರ್ಷಗಟ್ಟಲೆ ತೊಡಕಿಗೆ ಸಿಕ್ಕಿತು. ಕೊನೆಗೆ ಬಾಲದ ಲಂಬಪಟ್ಟಿಯನ್ನೂ ಚುಕ್ಕಾಣಿಯನ್ನೂ ಸ್ಥಳಾಂತರಿಸಿ, 2019ರ ಏಪ್ರಿಲಿನಲ್ಲಿ ಪರೀಕ್ಷೆಗಳನ್ನು ಮತ್ತೆ ಆರಂಭಿಸಬೇಕಾಯಿತು. 2025ರಲ್ಲಿ ಅದಕ್ಕೆ 'ಯಶಸ್' ಎಂಬ ಹೊಸ ಹೆಸರಿಟ್ಟಿದ್ದಾರೆ. 2016ರಲ್ಲಿ ಮೊದಲು ಮೇಲೇರಿದ ಎಚ್‌ಟಿಟಿ-40 ಎಂಬ ಪಂಖದ ವಿಮಾನವನ್ನು ಪರೀಕ್ಷಾ ಚಾಲಕರು ಎಡಕ್ಕೂ ಬಲಕ್ಕೂ ಆರಾರು ಸುತ್ತು ತಿರುಗಿಸಿ ಹೊರತಂದಿದ್ದಾರೆ. ವಾಯುದಳದ ಹೊಸ ವಿದ್ಯಾರ್ಥಿಗಳಿಗೆ ಹಾರುವ ಪಾಠ ಹೇಳಲಿರುವುದು ಈ ವಿಮಾನವೇ.