ಅಕ್ಷರ ಉಳಿಯಿತು, ಕಲಿಕೆ ಹೋಯಿತು

ಅಮೆರಿಕದ ಅಪಲೇಚಿಯ ಬೆಟ್ಟಸೀಮೆಗೆ ಉಪಗ್ರಹದ ಮೂಲಕ ಶಿಕ್ಷಣ ಮುಟ್ಟಿಸಲೆಂದು 1972ರಲ್ಲಿ ಅಲ್ಲಿನ ಆರೋಗ್ಯ-ಶಿಕ್ಷಣ ಇಲಾಖೆಯೂ ನಾಸಾ ಸಂಸ್ಥೆಯೂ ಆರಂಭಿಸಿದ ಸೇವೆಯೇ 1980ರಲ್ಲಿ ‘ದಿ ಲರ್ನಿಂಗ್ ಚಾನೆಲ್’ ಎನಿಸಿತು. 1991ರಲ್ಲಿ ಅದು ಡಿಸ್ಕವರಿಯ ಪಾಲಾಯಿತು. ಪಾಠಕ್ಕಿಂತ ಮನೆಯಲಂಕಾರಕ್ಕೆ, ಮದುವೆಯ ಸಡಗರಕ್ಕೆ ಜಾಹೀರಾತು ಸುಲಭವಷ್ಟೆ! ಹೆಸರೂ ಟಿಎಲ್‌ಸಿ ಎಂಬ ಮೂರಕ್ಷರಕ್ಕೆ ಕುಗ್ಗಿತು. 2012ರಲ್ಲಂತೂ ಸೌಂದರ್ಯಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದ ಆರೇಳು ವರ್ಷದ ಬಾಲೆಯೊಬ್ಬಳ ಸಂಸಾರವನ್ನೇ ಅದು ಧಾರಾವಾಹಿಯಾಗಿಸಿತು. ಹಳ್ಳಿಗಾಡಿಗೆ ಅರಿವು ನೀಡಲು ಹುಟ್ಟಿದ ವಾಹಿನಿ ಹಳ್ಳಿಗಾಡಿನ ಕುಟುಂಬವೊಂದನ್ನು ನಗೆಪಾಟಲಿಗೆ ಒಡ್ಡಿತು. ಮನರಂಜನೆ ಪಾಪವಲ್ಲ, ಲಾಭವೂ ಅಲ್ಲ. ಆದರೆ ಕಲಿಕೆಯ ಹೆಸರನ್ನು ನಂಬಿ ಮಕ್ಕಳನ್ನು ಅದರ ಮುಂದೆ ಕುಳ್ಳಿರಿಸಿದ ಹೆತ್ತವರಿಗೆ ಈ ಮಾರ್ಪಾಟನ್ನು ತಿಳಿಸಿದವರಾರು? ಹೊಸ ಸರಕಿಗೆ ಹೊಸ ಹೆಸರನ್ನೇ ಇಟ್ಟಿದ್ದರೆ ನಮ್ಮ ತಕರಾರು ಇರುತ್ತಿರಲಿಲ್ಲ.