ಮೊಲ ಕಂಡ ನಾಯಿ



ದೀಪಾವಳಿ ಮುಗಿಯಿತೆಂದರೆ ನಮ್ಮ ಜತ್ತ ತಾಲೂಕಿನ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯುವ ಟೋಳಿಗಳು ಟ್ರ್ಯಾಕ್ಟರ್ ಏರಿ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’. ಮುಕಾದಮನಿಂದ ಮೊದಲೇ ‘ಉಚಲ’ ಹಣ ಪಡೆದಿರುವುದರಿಂದ ಹಂಗಾಮು ಮುಗಿಯುವ ತನಕ ಹಿಂದಿರುಗುವಂತಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಭಾನುವಾರದ ಯುವಕೂಟದ ಜಮಖಾನೆಯೂ ಅರ್ಧ ಖಾಲಿ.

ಕಳೆದ ವರ್ಷ ಹೊರಡುವ ಮುನ್ನಾದಿನ ಬಿ.ಎ. ಎರಡನೇ ವರ್ಷದಲ್ಲಿದ್ದ ನಮ್ಮ ತಮ್ಮನೊಬ್ಬ ಕೂಟಕ್ಕೆ ಬಂದಿದ್ದ. ಅವತ್ತು ನಾನು ‘ಕಷ್ಟದಲ್ಲಿ ಸೈರಣೆ’ ಎಂಬ ವಿಷಯದ ಮೇಲೆ ಮಾತಾಡಿದ್ದೆ. ಮುಗಿದ ಮೇಲೆ ಚಪ್ಪಲಿ ಮೆಟ್ಟುತ್ತಾ ಕೇಳಿದ: “ಅಣ್ಣಾ, ಸೈರಣಿ ಅಂದ್ರ ಬಂದದ್ದು ಅನುಭವಿಸಿಕೋತ ಸುಮ್ನ ಕುಂದರೂದೇನು?”

“ದೇವರ ಮೇಲೆ ಭಾರ ಹಾಕು” ಅಂದೆ. ತಲೆ ಅಲ್ಲಾಡಿಸಿ ಹೋದ. ನಿಜ ಹೇಳಬೇಕೆಂದರೆ ಆ ಉತ್ತರ ಕೊಟ್ಟಿದ್ದು ನಾನು ತಪ್ಪಿಸಿಕೊಳ್ಳಲಿಕ್ಕೆ. ಅವನ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ.

ಕೊನೆಗೆ ನೆನಪಾದದ್ದು ನಮ್ಮ ಅಜ್ಜನ ಮಾತು. ಅಜ್ಜ ಹರೆಯದಲ್ಲಿ ಬೇಟೆನಾಯಿ ಸಾಕಿದವರು. ಉದ್ದ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ. ನಾವು ಮುಧೋಳ ನಾಯಿ ಎನ್ನುತ್ತೇವೆ, ಮರಾಠಿಯವರು ಕಾರವಾನಿ ಎನ್ನುತ್ತಾರೆ. ಜೋಳ ಕೊಯ್ದ ಹೊಲಗಳಲ್ಲಿ ಮೊಲ ಅಟ್ಟಿಸುತ್ತಿದ್ದರಂತೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಇಂದು ಮೊಲ ಬೇಟೆಯಾಡುವುದು ಅಪರಾಧ, ಅದು ಅಪರಾಧವಾಗಿರುವುದು ಸರಿಯೂ ಹೌದು. ನಾಯಿ ಹೋಯಿತು, ಬೇಟೆ ಹೋಯಿತು, ಅಜ್ಜ ಹೇಳಿದ್ದು ಮಾತ್ರ ಉಳಿಯಿತು: “ನಮ್ಮ ನಾಯಿ ಓಡಿದ್ರ ಊರ ನಾಯಿಗೋಳೂ ಬೊಗಳಿಕೋತ ಬೆನ್ನ ಹತ್ತತಿದ್ದುವು. ಹಳ್ಳ ದಾಟೂದರೊಳಗ ಒಂದೊಂದ ಹಿಂದ ಉಳೀತಿದ್ದುವು. ಅವು ಮೊಲಾ ಎಲ್ಲಿ ನೋಡಿದ್ದುವು? ಬರೇ ಬೊಗಳೂದು ಕೇಳಿದ್ದುವು.”

ಬೇಟೆನಾಯಿಗಳಲ್ಲಿ ವಾಸನೆ ಹಿಡಿದು ಹೋಗುವ ತಳಿಗಳಿವೆ, ಕಣ್ಣಿನಿಂದ ನೋಡಿ ಓಡುವ ತಳಿಗಳಿವೆ. ಮುಧೋಳ ನಾಯಿ ಎರಡನೆಯ ಜಾತಿಯದು. ಮೊಲ ಎಡಕ್ಕೆ ಬಲಕ್ಕೆ ಎಷ್ಟೇ ತಿರುಗಲಿ, ಅದರ ಕಣ್ಣು ಮೊಲದ ಮೇಲೆಯೇ. ಮುಳ್ಳು ಚುಚ್ಚಿದರೂ ಓಡುತ್ತದೆ.

ಆಶ್ಚರ್ಯವೆಂದರೆ, ಮೊದಲ ಶತಮಾನಗಳಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಕ್ರೈಸ್ತ ಸನ್ಯಾಸಿಗಳ ನಡುವೆಯೂ ಇಂಥದೇ ಕಥೆಯೊಂದಿತ್ತು. ಇಷ್ಟು ಜನ ಸನ್ಯಾಸಕ್ಕೆ ಬಂದು ಅರ್ಧದಲ್ಲೇ ಬಿಟ್ಟುಹೋಗುವುದೇಕೆ ಎಂದು ಕೇಳಿದವರಿಗೆ ಹಿರಿಯ ತಪಸ್ವಿಗಳು ಮೊಲ ಕಂಡ ನಾಯಿಯನ್ನೂ ಕಾಣದ ನಾಯಿಗಳನ್ನೂ ತೋರಿಸುತ್ತಿದ್ದರು. ಓದು ಬರಹ ಬಾರದ ನಮ್ಮ ಅಜ್ಜನಿಗೆ ಅವರ ಹೆಸರೂ ಗೊತ್ತಿರಲಿಲ್ಲ.

ಗೆಳೆಯರೇ, ನಮ್ಮನ್ನೇ ಕೇಳಿಕೊಳ್ಳೋಣ. ನಾವು ಯುವಕೂಟಕ್ಕೆ ಬಂದದ್ದು ಹೇಗೆ? ಗೆಳೆಯ ಬರುತ್ತಾನೆಂದು, ಗಿಟಾರ್ ಇದೆಯೆಂದು, ಅವ್ವ ಬೈಯುತ್ತಾಳೆಂದು. ಹಾಗೆ ಬರುವುದು ತಪ್ಪಲ್ಲ, ನಾನೂ ಹಾಗೆಯೇ ಬಂದವನು. ಆದರೆ ಬಾವಿ ಬತ್ತಿದಾಗ, ಪರೀಕ್ಷೆಯಲ್ಲಿ ಮೂರನೇ ಸಲ ಹೆಸರು ಬರದಿದ್ದಾಗ, ಮನೆಯಲ್ಲಿ ಕಾಯಿಲೆ ಬಂದಾಗ ಬರೇ ಬೊಗಳು ಕೇಳಿ ಓಡಿದವನು ಹಳ್ಳದಲ್ಲೇ ನಿಲ್ಲುತ್ತಾನೆ. ಹಿಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ತೆರೆದು ನೋಡಿ. ಅದು ಸೈರಣೆಯನ್ನು ಓಟಕ್ಕೆ ಹೋಲಿಸುತ್ತದೆ, ಓಡುವವನ ಕಣ್ಣು ಯೇಸುವಿನ ಮೇಲಿರಬೇಕು ಎನ್ನುತ್ತದೆ. ಹಾಗಾದರೆ ನನ್ನ ತಮ್ಮನ ಪ್ರಶ್ನೆಗೆ ಮೊದಲ ಉತ್ತರ ಇದು: ಸುಮ್ಮನೆ ಕೂರುವುದಕ್ಕೆ ಸೈರಣೆ ಎನ್ನುವುದಿಲ್ಲ. ಶಿಲುಬೆ ಹೊತ್ತು ಎದ್ದುಬಂದ ಪ್ರಭುವನ್ನು ನೋಡುತ್ತಾ ಓಡುವುದೇ ಸೈರಣೆ.

ಇಷ್ಟಕ್ಕೇ ನಿಲ್ಲಿಸಿದರೆ ಇದೂ ಇನ್ನೊಂದು ಪ್ರಸಂಗವಾದೀತು. ಅದೇ ಅಧ್ಯಾಯ ಸ್ವಲ್ಪ ಮುಂದೆ ಒಬ್ಬ ಬೇಟೆಗಾರನ ಹೆಸರು ಹೇಳುತ್ತದೆ: ಏಸಾವ. ಆದಿಕಾಂಡದ 25ನೇ ಅಧ್ಯಾಯದಲ್ಲಿ ಅವನ ಕಥೆ ಇದೆ. ಅವನು ಬಯಲಿನಲ್ಲಿ ಪಳಗಿದ ಗಟ್ಟಿಗ. ಆದರೆ ಹಸಿದು ಸುಸ್ತಾಗಿ ಮನೆಗೆ ಬಂದ ಹೊತ್ತಿನಲ್ಲಿ, ಒಂದು ಹೊತ್ತಿನ ಬೇಳೆಸಾರಿಗಾಗಿ ಹಿರಿಯ ಮಗನ ಹಕ್ಕನ್ನೇ ಮಾರಿಬಿಟ್ಟ. ಕಾಡಿನಲ್ಲಿ ಸೋಲದವನು ಒಲೆಯ ಮುಂದೆ ಸೋತ. ನಾವೂ ದೊಡ್ಡ ನಿರ್ಧಾರಗಳನ್ನು ಕೆಡಿಸಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಪರೀಕ್ಷೆಯ ಫಾರ್ಮ್ ತುಂಬದೆ ಬಿಡುವುದು, ಮೊಬೈಲ್ ಆ್ಯಪ್‌ನಲ್ಲಿ ಸಾಲ ತೆಗೆಯುವುದು, ದುಃಖ ಮರೆಯಲು ಕುಡಿಯುವುದು ಎಲ್ಲವೂ ದಣಿವಿನ ಗಳಿಗೆಯ ವ್ಯಾಪಾರ.

ಏಸಾವನನ್ನು ನಾವು ಬೈಯುತ್ತೇವೆ. ಆದರೆ ಗಡಿಗೆ ಯಾರ ಕೈಯಲ್ಲಿತ್ತು? ಸ್ವಂತ ತಮ್ಮ ಯಕೋಬನ ಕೈಯಲ್ಲಿ. ಹಸಿದು ಬಂದ ಅಣ್ಣನಿಗೆ ಒಂದು ಬಟ್ಟಲು ಬಡಿಸುವ ಬದಲು ಅವನು ಚೌಕಾಸಿಗೆ ಕೂತ. ನನಗೆ ಚುಚ್ಚಿದ್ದು ಇದು. ಹೊಟ್ಟೆ ತುಂಬಿದ ನಾನು, ಡಿಗ್ರಿ ಮುಗಿಸಿದ ನಾನು, ಕೋಯ್ತಾ ಹಿಡಿದು ಹೊರಟವನಿಗೆ ಸೈರಣೆಯ ಪಾಠ ಹೇಳಿದ್ದೆ. ಬಡಿಸಲಿಲ್ಲ. ಹಿಬ್ರಿಯರ ಅದೇ ಅಧ್ಯಾಯ ಓಟಕ್ಕೂ ಏಸಾವನಿಗೂ ನಡುವೆ ಜೋತುಬಿದ್ದ ಕೈಗಳನ್ನು ಎತ್ತಿಹಿಡಿಯಲು, ಕುಸಿದ ಮೊಣಕಾಲುಗಳಿಗೆ ಬಲ ಕೊಡಲು ಹೇಳುತ್ತದೆ. ಆ ಮಾತು ಇಡೀ ಸಭೆಗೆ ಹೇಳಿದ್ದು. ಒಬ್ಬನ ಸೈರಣೆ ಅವನೊಬ್ಬನ ಹೊಣೆಯಲ್ಲ.

ಅದಕ್ಕೇ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಈ ಸಲ ಟೋಳಿ ಹೊರಡುವ ಮೊದಲು ಯಾರ ಪರೀಕ್ಷೆ ಯಾವಾಗ ಎಂದು ಯುವಕೂಟ ಪಟ್ಟಿ ಮಾಡಲಿ. ಅವರ ಫಾರ್ಮ್, ಫೀ, ನೋಟ್ಸಿನ ಹೊಣೆ ಒಬ್ಬೊಬ್ಬರು ಹೊರಲಿ. ಅಜ್ಜ ಅಜ್ಜಿಯರ ಬಳಿ ಉಳಿಯುವ ಮಕ್ಕಳಿಗೆ ಚರ್ಚಿನ ಪಡಸಾಲೆಯಲ್ಲಿ ಸಂಜೆ ಪಾಠ ನಡೆಯಲಿ. ಕ್ರಿಸ್ಮಸ್ಸಿನ ಸೌಂಡ್ ಸಿಸ್ಟಮ್, ಲೈಟಿಂಗ್ ಖರ್ಚಿನಲ್ಲಿ ಅರ್ಧ ಉಳಿಸಿ, ಆಸ್ಪತ್ರೆ ಖರ್ಚಿಗೆಂದು ಉಚಲಕ್ಕೆ ಕೈಯೊಡ್ಡುವ ಮನೆಗೆ ಬಡ್ಡಿಯಿಲ್ಲದೆ ಕೊಡೋಣ. “ವರ್ಷಕ್ಕೊಂದೇ ಹಬ್ಬ” ಎಂದು ಕೆಲವರು ಬೇಸರಪಡಬಹುದು. ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬಕ್ಕೆ ಇದರಿಂದ ಕಳೆ ಕಡಿಮೆಯಾಗಲಾರದು. ಇಷ್ಟರಿಂದ ಬರ ನೀಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಹಸಿದು ಬಂದವನ ಮುಂದೆ ಚೌಕಾಸಿಗೆ ಕೂರುವ ಪಾಪವಾದರೂ ನಮಗೆ ತಟ್ಟುವುದಿಲ್ಲ.

ಆ ತಮ್ಮ ಏಪ್ರಿಲ್‌ನಲ್ಲಿ ಮರಳಿ ಬಂದ. ಕೈತುಂಬ ಕಬ್ಬಿನ ಎಲೆ ಕೊಯ್ದ ಗೆರೆಗಳು. ಒಂದು ಸೆಮಿಸ್ಟರ್ ಕೈತಪ್ಪಿತ್ತು. ಬಂದ ವಾರವೇ ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತ. “ಅಲ್ಲಿ ದಿನಾ ರಾತ್ರಿ ಒಬ್ಬನ ಜಪಮಾಲಿ ಮಾಡತಿದ್ದೆ ಅಣ್ಣಾ” ಎಂದ. ಅವನು ಮೊಲ ಕಂಡವನು. ಕಲಿಸಲು ಹೋದ ನಾನೇ ಅವನಿಂದ ಕಲಿಯಬೇಕಾಯಿತು.

ನವೆಂಬರದಲ್ಲಿ ಅವನು ಮತ್ತೆ ಹೋಗಬೇಕಾದೀತು. ಈ ಸಲ ಅವನ ಪರೀಕ್ಷೆಯ ಫಾರ್ಮ್ ನನ್ನ ಚೀಲದಲ್ಲಿದೆ. ಉಳಿದವರ ಫಾರ್ಮ್ ಯಾರು ತೆಗೆದುಕೊಳ್ಳುತ್ತೀರಿ? ಬರುವ ಭಾನುವಾರ ಪೂಜೆಯ ನಂತರ ಬಂದು ಹೇಳಿ.

ಪ್ರಭು ನಮ್ಮೆಲ್ಲರ ಕಾಲಿಗೆ ಬಲ, ಕಣ್ಣಿಗೆ ಬೆಳಕು ಕೊಡಲಿ. ಆಮೆನ್.