ಬ್ರೇಕ್ ಪೈಪಿನ ತುಕ್ಕು ಯಾರ ಪಾಪ?

ಪಿಕಪ್ ಗಾಡಿ ಉರುಳಿ ಕೂಲಿಕಾರರು ಸತ್ತ ವರದಿಯ ಕೊನೆಗೆ ಒಂದು ಸಾಲು ತಪ್ಪದೆ ಇರುತ್ತದೆ: ಚಾಲಕನ ಅಜಾಗರೂಕತೆಯೇ ಕಾರಣ. ಈ ಸಾಲನ್ನು ಕಣ್ಣುಮುಚ್ಚಿ ನಂಬಲು ನಾವು ಸಿದ್ಧರಿಲ್ಲ. ಬ್ರೇಕ್ ಒತ್ತಿದ ಕಾಲು ಸರಿಯಾಗಿಯೇ ಒತ್ತಿದ್ದರೂ ಕೆಳಗಿನ ಪೈಪು ಎಂದೋ ಕೊಳೆತಿದ್ದರೆ ಅದನ್ನು ಬರೆಯುವವರು ಯಾರು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ರಸ್ತೆಗಳಲ್ಲಿ ಓಡುವ ಹಳೆಯ ಪಿಕಪ್ಪುಗಳ ಹೊಟ್ಟೆಯ ಕೆಳಗೆ ಒಮ್ಮೆ ಬಗ್ಗಿ ನೋಡಿರಿ. ಯಂತ್ರದಿಂದ ನೀರು ಸೋರುತ್ತಲೇ ಬಂದ ಫರ್ಸಿಯನ್ನು ಹೇರುತ್ತಾರೆ. ಆ ನೀರು ನೇರ ಚಾಸಿಗೆ ಇಳಿಯುತ್ತದೆ. ಸಿಮೆಂಟ್ ಧೂಳು ತಾನಾಗಿ ಕಬ್ಬಿಣವನ್ನು ತಿನ್ನುವುದಿಲ್ಲ, ನಿಜ. ಆದರೆ ಎರೆಮಣ್ಣಿನ ಕೆಸರಿನೊಡನೆ ಕ್ಲಿಪ್ಪುಗಳ ಸಂದಿಯಲ್ಲಿ ಹೆಪ್ಪುಗಟ್ಟಿ ಮಳೆಗಾಲವೆಲ್ಲ ಒದ್ದೆಯನ್ನು ಹಿಡಿದಿಡುತ್ತದೆ. ರಸಗೊಬ್ಬರದ ಚೀಲ ಹರಿದು ಚೆಲ್ಲಿದರಂತೂ ಕೇಳುವುದೇ ಬೇಡ. ಇನ್ನು ಒಳಗೆ, ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ವರ್ಷಗಟ್ಟಲೆ ಬದಲಿಸದಿದ್ದರೆ ಪೈಪು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಮೆಲ್ಲಗೆ ಒತ್ತಿದಾಗ ತಡೆದುಕೊಂಡ ಪೈಪು, ಎದುರಿಗೆ ಎಮ್ಮೆ ಬಂದು ಜೋರಾಗಿ ಒತ್ತಿದಾಗಲೇ ಒಡೆಯುತ್ತದೆ. ಒತ್ತಡ ಏರುವುದು ಆಗಲೇ ತಾನೆ!

ಒಡೆದ ಮೇಲೆ ಮಿಸ್ತ್ರಿ ಆ ಚಕ್ರದ ಪೈಪನ್ನು ಮಡಿಚಿ ಬಡಿದು ಮುಚ್ಚಿ, "ಮೂರು ಗಾಲಿ ಮ್ಯಾಲ ನಡೀತದ, ಹೋಗ್ರಿ" ಎನ್ನುತ್ತಾನೆ. ಅವನನ್ನು ಬೈದು ಫಲವಿಲ್ಲ. ಹೊಸ ಪೈಪಿಗೆ ಒಂದು ಟಯರಿನ ಬೆಲೆಯೂ ಆಗದು. ಆದರೆ ಗಾಡಿ ಒಂದು ದಿನ ನಿಂತರೂ ಸಾಲದ ಕಂತು ನಿಲ್ಲದು.

ಸರ್ಕಾರ ಏನು ಮಾಡಿತು? ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಎಂದಿತು; ಒಳ್ಳೆಯದೇ. 2021ರ ಅಕ್ಟೋಬರಿನಲ್ಲಿ ಕೇಂದ್ರವು ಹದಿನೈದು ವರ್ಷ ಮೀರಿದ ಲಘು ವಾಹನದ ಫಿಟ್‌ನೆಸ್ ಶುಲ್ಕವನ್ನು 7,500 ರೂಪಾಯಿ ಎಂದು ಅಧಿಸೂಚಿಸಿತು. ಆ ಹಣದಲ್ಲಿ ಗಾಡಿಯ ಪೈಪುಗಳನ್ನೇ ಹೊಸದಾಗಿ ಹಾಕಿಸಬಹುದಿತ್ತಲ್ಲ! ಬಡವನ ಗಾಡಿಗೆ ಕಾಗದ ದುಬಾರಿಯಾಯಿತು, ತುಕ್ಕು ಹಾಗೆಯೇ ಉಳಿಯಿತು.

ಎರಡು ಪಟ್ಟು ಹೇರಿಸಿ ಕಳಿಸುವ ಖಣಿಯ ಸಾಹುಕಾರ, ಗುತ್ತಿಗೆದಾರ ಮಾತ್ರ ನಿಶ್ಚಿಂತ. 1988ರ ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಅತಿಭಾರದ ಗಾಡಿ ಓಡಿಸಿದವನನ್ನಷ್ಟೇ ಹಿಡಿದಿಲ್ಲ. ಓಡಿಸಲು ಹಚ್ಚಿದವನನ್ನೂ ಹಿಡಿದಿದೆ. ಈ ಎರಡನೆಯ ಮಾತು ನಮ್ಮ ಚೆಕ್‌ಪೋಸ್ಟುಗಳಲ್ಲಿ ಓದಲು ಬರುವವರಿಲ್ಲವೇ?

ಇದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿದೆ. 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಶಾರಾಣಿ ಪ್ರಕರಣದಲ್ಲಿ, ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ತೀರ್ಪಿತ್ತಿತು. ಸರಕಿನೊಡನೆ ಕೂತ ವರ್ತಕನಿಗೆ, ಅವನ ಪ್ರತಿನಿಧಿಗೆ ಕಾಯ್ದೆಯ ರಕ್ಷಣೆ ಉಂಟು. ತೊಗರಿ ಕೊಯ್ಲಿಗೆಂದು ನಸುಕಿನಲ್ಲಿ ಹತ್ತಿದ ಹೆಣ್ಣುಮಗಳಿಗೆ ಇಲ್ಲ. ಆಕೆಯ ಮಕ್ಕಳಿಗೆ ಪರಿಹಾರ ಕೊಡಬೇಕಾದವನು, ಪೈಪಿಗೂ ಹಣವಿಲ್ಲದ ಆ ಗಾಡಿಯ ಮಾಲೀಕ!

ಆದ್ದರಿಂದ ನಾವು ಒತ್ತಾಯಿಸುತ್ತೇವೆ: ಮಳೆಗಾಲಕ್ಕೆ ಮುಂಚೆ ಪ್ರತಿ ತಾಲ್ಲೂಕಿನಲ್ಲೂ ಹಳೆ ಗಾಡಿಗಳ ಬ್ರೇಕನ್ನು ಪುಕ್ಕಟೆ ತಪಾಸಿಸಬೇಕು; ಪೈಪು ಬದಲಿಸಿದ ರಸೀದಿ ತಂದವನಿಗೆ ಶುಲ್ಕದಲ್ಲಿ ಅಷ್ಟನ್ನು ಕಳೆಯಬೇಕು; ಹೊಲಕ್ಕೂ ಖಣಿಗೂ ಹೋಗುವ ಹೊತ್ತಿಗೆ ಸಾರಿಗೆ ಬಸ್ಸು ಬಿಡಬೇಕು.

ಅಲ್ಲಿಯವರೆಗೆ, ಹಮಾಲ ಬಂಧುಗಳೇ, ಗಾಡಿ ಹತ್ತುವ ಮುನ್ನ ಗಾಲಿಗಳ ಒಳಮಗ್ಗುಲನ್ನು ನೋಡಿರಿ. ಅಲ್ಲಿ ಎಣ್ಣೆಯ ಹಸಿ ಕಂಡರೆ ಹತ್ತಬೇಡಿರಿ. ಹತ್ತದ ದಿನದ ಕೂಲಿಗಾಗಿ ಒಟ್ಟಾಗಿ ಜಗಳ ಮಾಡೋಣ.